ವರದಿಯಲ್ಲಿ ‘ಬೈಕಾರ್ನುಯೇಟ್’ ಎಂದಿದೆ, ಅಳತೆ ಎಲ್ಲಿದೆ? ಗರ್ಭಕೋಶದ ಆಕಾರ, ಗಡ್ಡೆ, ಅಂಟು, ಕೊರಳು ಮತ್ತು ಬಸುರು ನಿಲ್ಲುವ ವಿಚಾರ

ಸ್ಕ್ಯಾನ್‌ಕೋಣೆ:
ಸ್ಕ್ಯಾನ್ ವರದಿಯಲ್ಲಿ ‘ಬೈಕಾರ್ನುಯೇಟ್ ಯುಟೆರಸ್’ ಎಂದು ಒಂದೇ ಸಾಲು ಇರುತ್ತದೆ. ಅಳತೆ ಇರುವುದಿಲ್ಲ, ಚಿತ್ರವೂ ಇರುವುದಿಲ್ಲ. ಆ ಒಂದು ಸಾಲನ್ನು ಹಿಡಿದುಕೊಂಡು ‘ಮಗು ನಿಲ್ಲುತ್ತದೆಯೇ, ಆಪರೇಷನ್ ಬೇಕೇ’ ಎಂದು ಕೇಳುವವರು ಬಹಳ ಮಂದಿ. ಅವರಿಗಾಗಿ ಈ ಚರ್ಚೆ ತೆರೆದಿದ್ದೇನೆ. ಬಲ್ಲವರು ಸೇರಿಸುತ್ತಾ ಹೋಗಿ, ತಪ್ಪಿದ್ದರೆ ತಿದ್ದಿ.

ಮೊದಲು ಗರ್ಭಕೋಶ ಹೇಗಾಗುತ್ತದೆ ಎಂಬುದು ತಿಳಿದಿರಬೇಕು. ಹೆಣ್ಣು ಭ್ರೂಣದಲ್ಲಿ ಎಡಕ್ಕೊಂದು, ಬಲಕ್ಕೊಂದು ಮ್ಯುಲ್ಲೇರಿಯನ್ ನಾಳ ಇರುತ್ತವೆ. ಎರಡೂ ನಡುವಿಗೆ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಡಿದ ಜಾಗದಲ್ಲಿ ಒಂದು ನಡುಗೋಡೆ ಉಳಿದಿರುತ್ತದೆ. ಭ್ರೂಣಕ್ಕೆ ಸುಮಾರು 20 ವಾರ ತುಂಬುವಷ್ಟರಲ್ಲಿ ಅದೂ ಕರಗಿ ಒಂದೇ ಕೋಣೆ ಆಗುತ್ತದೆ. ಕೂಡದೆ ಉಳಿದ ಮೇಲಿನ ತುದಿಗಳೇ ಅಂಡನಾಳಗಳು.

ನಾಳ ಬೆಳೆಯುವುದು, ಕೂಡುವುದು, ನಡುಗೋಡೆ ಕರಗುವುದು: ಕೆಲಸ ಕೆಡುವುದು ಈ ಮೂರರಲ್ಲಿ ಒಂದು ಹಂತದಲ್ಲಿ. ಒಂದು ಕಡೆಯ ನಾಳ ಬೆಳೆಯದೇ ಹೋದರೆ ಒಂದೇ ಕೊಂಬಿನ ಗರ್ಭಕೋಶ, ಅಂದರೆ ಯುನಿಕಾರ್ನುಯೇಟ್. ಎರಡೂ ಬೆಳೆದು ಮೇಲುಭಾಗ ಕೂಡದಿದ್ದರೆ ಎರಡು ಕೊಂಬಿನದು, ಬೈಕಾರ್ನುಯೇಟ್. ಪೂರ್ತಿ ಕೂಡದಿದ್ದರೆ ಎರಡು ಗರ್ಭಕೋಶ, ಎರಡು ಕೊರಳು (ಗರ್ಭಕೋಶದ ಕೆಳಬಾಯಿ), ಅದು ಡೈಡೆಲ್ಫಿಸ್. ಕೂಡುವುದು ಸರಿಯಾಗಿ ಆಗಿ ನಡುಗೋಡೆ ಮಾತ್ರ ಕರಗದೆ ಉಳಿದರೆ ಸೆಪ್ಟೇಟ್.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸೆಪ್ಟೇಟ್ ಗರ್ಭಕೋಶ ಹೊರಗಿನಿಂದ ನೋಡಿದರೆ ಎಲ್ಲರದರಂತೆಯೇ ಇರುತ್ತದೆ, ನೆತ್ತಿ, ಅಂದರೆ ಗರ್ಭಕೋಶದ ಮೇಲ್ತುದಿ, ನುಣ್ಣಗೆ ಉಬ್ಬಿರುತ್ತದೆ, ತೊಡಕಿರುವುದು ಒಳಗೆ. ಬೈಕಾರ್ನುಯೇಟ್‌ನಲ್ಲಿ ನೆತ್ತಿಯೇ ಹೃದಯದ ಚಿತ್ರದಂತೆ ನಡುವೆ ತಗ್ಗಿರುತ್ತದೆ. ಆದ್ದರಿಂದ ಹೊರ ಅಂಚನ್ನು ನೋಡದೆ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಬಣ್ಣ ಹಾಕಿ ತೆಗೆಯುವ ಎಕ್ಸ್‌ರೇ, ಅಂದರೆ ಎಚ್‌ಎಸ್‌ಜಿ, ಒಳಗಿನ ಪೊಳ್ಳನ್ನು ಮಾತ್ರ ತೋರಿಸುತ್ತದೆ. ಎರಡರಲ್ಲೂ ಒಂದೇ ಕವಲೊಡೆದ ಚಿತ್ರ ಬರುತ್ತದೆ. ಬರೀ ಎಚ್‌ಎಸ್‌ಜಿ ನೋಡಿ ‘ಬೈಕಾರ್ನುಯೇಟ್’ ಎಂದು ಬರೆದಿದ್ದರೆ ಅದನ್ನು ಅನುಮಾನ ಎಂದು ಓದಿ, ರೋಗನಿರ್ಣಯ ಎಂದಲ್ಲ.

ಎಚ್ಚರದಓದುಗಿ:
ಅಳತೆ ಎಂದರೆ ಯಾವ ಅಳತೆ? ಯಾವ ಸ್ಕ್ಯಾನ್ ಕೇಳಬೇಕು, ಮುಟ್ಟಿನ ಯಾವ ದಿನಕ್ಕೆ ಹೋಗಬೇಕು?

ಸ್ಕ್ಯಾನ್‌ಕೋಣೆ:
ಯೋನಿಯ ಮೂಲಕ ಮಾಡುವ ತ್ರೀಡಿ ಅಲ್ಟ್ರಾಸೌಂಡ್ ಕೇಳಿ. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಹೋದರೆ ಒಳ್ಳೆಯದು. ಆಗ ಒಳಪದರ ದಪ್ಪವಾಗಿ ಬೆಳ್ಳಗೆ ಕಾಣುತ್ತದೆ, ಕೋಣೆಯ ಅಂಚು ತಾನಾಗಿ ಎದ್ದು ಬರುತ್ತದೆ. ಮುಟ್ಟು ನಿಂತ ಮರುದಿನ ಹೋದರೆ ಪದರ ತೆಳ್ಳಗಿದ್ದು ಅಂಚು ಮಸುಕಾಗುತ್ತದೆ. ಸಲೈನ್ ಬಿಟ್ಟು ಮಾಡುವ ಸ್ಕ್ಯಾನ್ ಆದರೆ ಲೆಕ್ಕ ತಿರುವುಮುರುವು: ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು, ಸುಮಾರು 6ರಿಂದ 10ನೇ ದಿನದೊಳಗೆ. ಪಾಲಿಪ್ (ಒಳಪದರದ ಸಣ್ಣ ಚಾಚು), ಅಂಟು (ಗೋಡೆಗಳು ಒಂದಕ್ಕೊಂದು ಅಂಟಿಕೊಂಡದ್ದು), ಒಳಗೆ ಚಾಚಿದ ಗಡ್ಡೆ ಹುಡುಕಲು ಅದೇ ವಾಸಿ.

ಅಳೆಯುವ ಬಗೆ ಇದು. ತ್ರೀಡಿಯಲ್ಲಿ ಗರ್ಭಕೋಶವನ್ನು ಎದುರಿನಿಂದ ಸೀಳಿದಂತೆ ಕೊರೋನಲ್ ತಲದಲ್ಲಿ ನಿಲ್ಲಿಸಬೇಕು. ಅಂಡನಾಳಗಳು ತೆರೆಯುವ ಎರಡು ಮೂಲೆಗಳನ್ನು ಒಂದು ನೇರ ಗೆರೆಯಿಂದ ಸೇರಿಸಬೇಕು. ಆ ಗೆರೆಯ ನಡುವಿನಿಂದ ಒಳಗೋಡೆಯ ತುದಿಯವರೆಗೆ ಎಷ್ಟು ಆಳ ಎಂದು ಅಳೆಯಬೇಕು. ಆ ತುದಿಯಲ್ಲಿ ಆಗುವ ಕೋನ ಎಷ್ಟು ಡಿಗ್ರಿ, ಹೊರಗಿನ ನೆತ್ತಿಯಲ್ಲಿ ತಗ್ಗು ಎಷ್ಟು ಎಂಬುದೂ ಬೇಕು.

ಅಮೆರಿಕದ ಸಂತಾನ ವೈದ್ಯರ ಸಂಸ್ಥೆ ಎಎಸ್‌ಆರ್‌ಎಂನ 2021ರ ವರ್ಗೀಕರಣದಲ್ಲಿ ಒಳಗಿನ ಇಳಿತ 1 ಸೆಂ.ಮೀ. ದಾಟಿ, ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಸೆಪ್ಟೇಟ್. ಹೊರಗಿನ ತಗ್ಗು 1 ಸೆಂ.ಮೀ. ದಾಟಿದರೆ ಬೈಕಾರ್ನುಯೇಟ್. ಅದೇ ಸಂಸ್ಥೆ 2016ರಲ್ಲಿ ಸೆಪ್ಟಮ್‌ಗೆ, ಅಂದರೆ ಆ ನಡುಗೋಡೆಗೆ, 1.5 ಸೆಂ.ಮೀ. ಗಡಿ ಇಟ್ಟಿತ್ತು. ಯುರೋಪಿನ 2013ರ ವರ್ಗೀಕರಣ ಸೆಂಟಿಮೀಟರ್ ಲೆಕ್ಕವನ್ನೇ ಹಿಡಿಯುವುದಿಲ್ಲ. ಒಳಗಿನ ಇಳಿತ ಗರ್ಭಕೋಶದ ಗೋಡೆಯ ದಪ್ಪದ ಅರ್ಧ ದಾಟಿತೇ ಎಂದು ಕೇಳುತ್ತದೆ. ಹಾಗಾಗಿ ಗೋಡೆ 12 ಮಿ.ಮೀ. ದಪ್ಪವಿದ್ದು ಇಳಿತ 7 ಮಿ.ಮೀ. ಇದ್ದವರು ಯುರೋಪಿನ ಲೆಕ್ಕದಲ್ಲಿ ಸೆಪ್ಟೇಟ್, ಅಮೆರಿಕದ ಲೆಕ್ಕದಲ್ಲಿ ಅಲ್ಲ. ಇಬ್ಬರು ವೈದ್ಯರು ಎರಡು ಹೆಸರು ಹೇಳಿದರೆ ಇಬ್ಬರಲ್ಲಿ ಒಬ್ಬರಿಗೆ ತಿಳಿಯದು ಎಂದುಕೊಳ್ಳಬೇಡಿ. ಯಾವ ಪಟ್ಟಿಯ ಪ್ರಕಾರ ಎಂದು ಕೇಳಿ, ಮಿಲಿಮೀಟರ್ ಬರೆಸಿಕೊಳ್ಳಿ.

ಇನ್ನೊಂದು: ನೆತ್ತಿ ಸ್ವಲ್ಪವೇ ಇಳಿದ ‘ಆರ್ಕುಯೇಟ್’ ಗರ್ಭಕೋಶ ಆರೋಗ್ಯವಂತ ಗರ್ಭಕೋಶದ ಒಂದು ರೂಪ ಅಷ್ಟೇ. ಅದಕ್ಕೆ ಕತ್ತರಿ ಬೇಡ.

ಪುರಾವೆಮೊದಲು:
ಮೇಲಿನದಕ್ಕೆ ಒಂದು ಸೇರಿಕೆ. ಹುಟ್ಟಿನಿಂದ ಬಂದ ಆಕಾರದ ವ್ಯತ್ಯಾಸ ಒಟ್ಟು ಹೆಂಗಸರಲ್ಲಿ ನೂರಕ್ಕೆ 5-6 ಮಂದಿಗೆ ಇರುತ್ತದೆ. ಗರ್ಭ ಕಳೆದುಕೊಂಡವರಲ್ಲಿ ನೂರಕ್ಕೆ 13ರ ಆಸುಪಾಸು. ಅಂದರೆ ವ್ಯತ್ಯಾಸವಿದ್ದೂ ಏನೂ ತಿಳಿಯದೆ ಹೆತ್ತವರು ಬಹಳ. ಜೊತೆಗೆ ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಾದರೂ ಭ್ರೂಣದ ಕ್ರೋಮೋಸೋಮ್ ದೋಷದಿಂದ ಆಗುವಂಥವು. ಸ್ಕ್ಯಾನಿನಲ್ಲಿ ಒಂದು ಗೋಡೆ ಕಂಡಿತು ಎಂದ ಮಾತ್ರಕ್ಕೆ ಹಿಂದಿನ ನಷ್ಟಕ್ಕೆ ಅದೇ ಕಾರಣ ಎಂದು ಹೇಳಿಬಿಡಬಾರದು. ಗರ್ಭಪಾತ ಎಷ್ಟನೇ ವಾರದಲ್ಲಿ ಆಯಿತು, ಮಗುವಿನ ಎದೆಬಡಿತ ಮೊದಲೇ ನಿಂತಿತ್ತೇ, ಅಥವಾ ಬದುಕಿದ್ದ ಮಗು ನೋವಿಲ್ಲದೆ ಜಾರಿತೇ ಎಂಬ ವಿವರ ಆಕಾರಕ್ಕಿಂತ ಹೆಚ್ಚು ಹೇಳುತ್ತದೆ.

ನೀಲಿಗೌನು:
ಸೆಪ್ಟಮ್ ತೆಗೆಯುವ ಶಸ್ತ್ರಕ್ರಿಯೆಯ ವಿವರ ಬರೆಯುತ್ತೇನೆ, ಹೆಸರು ಕೇಳಿಯೇ ಹೆದರುವವರಿದ್ದಾರೆ.

ಹೊಟ್ಟೆ ಕೊಯ್ಯುವುದಿಲ್ಲ. ಯೋನಿ, ಕೊರಳಿನ ಮೂಲಕ ಹಿಸ್ಟರೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ, ಒಳಗೆ ಹೋಗುತ್ತದೆ. ಮುಟ್ಟು ನಿಂತ ಕೂಡಲೇ, ಒಳಪದರ ತೆಳ್ಳಗಿರುವ ದಿನಗಳಲ್ಲಿ ಮಾಡಿದರೆ ನೋಟ ಚೆನ್ನಾಗಿರುತ್ತದೆ. ಕೋಣೆಯನ್ನು ಸಲೈನ್‌ನಿಂದ ಹಿಗ್ಗಿಸಿ, ಗೋಡೆಯ ಕೆಳತುದಿಯಿಂದ ಶುರುಮಾಡಿ ಸಣ್ಣ ಕತ್ತರಿಯಿಂದಲೋ ವಿದ್ಯುತ್ತಿನಿಂದ ಕತ್ತರಿಸುವ ಬೈಪೋಲಾರ್ ತುದಿಯಿಂದಲೋ ಸರಿಯಾಗಿ ನಡುವೆ ಕತ್ತರಿಸುತ್ತಾ ಮೇಲಕ್ಕೆ ಹೋಗಬೇಕು. ಇದು ತುಂಡು ಕಿತ್ತು ತೆಗೆಯುವ ಕೆಲಸವಲ್ಲ. ಕತ್ತರಿಸಿದ ಗೋಡೆಯ ಎರಡು ಪಾಲೂ ತಾವೇ ಮುಂದಕ್ಕೂ ಹಿಂದಕ್ಕೂ ಸರಿದುಕೊಳ್ಳುತ್ತವೆ. ಗೋಡೆ ಬಿಳಿಚಿಕೊಂಡು ನಾರಿನಂತೆ ಇರುತ್ತದೆ. ಕತ್ತರಿ ನೆತ್ತಿಯ ಸ್ನಾಯುವಿನ ಹತ್ತಿರ ಬಂದಂತೆ ಬಣ್ಣ ಗುಲಾಬಿಗೆ ತಿರುಗಿ ಸಣ್ಣ ಸಣ್ಣ ರಕ್ತಬಿಂದು ಕಾಣಿಸುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಕ್ಯಾಮೆರಾವನ್ನು ಎಡಬಲ ಆಡಿಸಿದಾಗ ಎರಡೂ ಅಂಡನಾಳದ ಬಾಯಿ ಒಂದೇ ನೋಟದಲ್ಲಿ, ನಡುವೆ ಅಡ್ಡಿಯಿಲ್ಲದೆ ಕಂಡರೆ ಸಾಕು. ನೆತ್ತಿಯಲ್ಲಿ ಸುಮಾರು 1 ಸೆಂ.ಮೀ. ದಪ್ಪ ಉಳಿಯಲೇಬೇಕು. ಅದಕ್ಕೇ ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಹಿಡಿದುಕೊಂಡೋ ಹೊಟ್ಟೆಯ ಸಣ್ಣ ರಂಧ್ರದಿಂದ ಒಳಗೆ ನೋಡುವ ಲ್ಯಾಪರೋಸ್ಕೋಪ್ ಇಟ್ಟುಕೊಂಡೋ ಮಾಡುತ್ತೇವೆ. ಅರ್ಧ ಸೆಂ.ಮೀ. ಗೋಡೆ ಉಳಿದುಹೋದರೆ ನಷ್ಟವಿಲ್ಲ. ಅದನ್ನೂ ತೆಗೆಯುತ್ತೇನೆಂದು ಹೋಗಿ ನೆತ್ತಿ ತೆಳುವಾದರೆ ಮುಂದಿನ ಬಸುರಿನಲ್ಲಿ ಅಲ್ಲಿ ಸೀಳುವ ಅಪಾಯ ಇರುತ್ತದೆ.

ದ್ರವದ ಲೆಕ್ಕವನ್ನು ಒಬ್ಬರು ಕೂತು ಬರೆಯುತ್ತಲೇ ಇರಬೇಕು. ಒಳಗೆ ಬಿಟ್ಟದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಉಳಿದದ್ದು ಮೈಗೆ ಹೀರಿದ್ದು. ಆರೋಗ್ಯವಂತರಲ್ಲಿ ಸಲೈನ್ ಆದರೆ 2,500 ಮಿ.ಲೀ. ಮುಟ್ಟಿದಾಗ, ಗ್ಲೈಸಿನ್‌ನಂಥ ಲವಣವಿಲ್ಲದ ದ್ರವ ಆದರೆ 1,000 ಮಿ.ಲೀ. ಮುಟ್ಟಿದಾಗ ಕೆಲಸ ನಿಲ್ಲಿಸುತ್ತೇವೆ. ಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಎರಡನೇ ಬಗೆಯ ದ್ರವದಲ್ಲಿ ರಕ್ತದ ಸೋಡಿಯಂ ಕುಸಿದು ಮಿದುಳು ಬಾತುಕೊಳ್ಳಬಹುದು.

ಮಾಡಿದ ಮೇಲೆ ಒಂದೆರಡು ಮುಟ್ಟು ಬಿಟ್ಟು ತ್ರೀಡಿ ಸ್ಕ್ಯಾನಿನಲ್ಲಿ ಮತ್ತೆ ಅಳೆದು, ನಂತರ ಗರ್ಭಕ್ಕೆ ಪ್ರಯತ್ನಿಸಬಹುದು.

ಪುರಾವೆಮೊದಲು:
ವಿವರ ಚೆನ್ನಾಗಿದೆ. ಆದರೆ ಯಾರಿಗೆ ಮಾಡಬೇಕು ಎಂಬುದು ಇನ್ನೂ ಉಳಿದಿದೆ. ಸೆಪ್ಟಮ್ ತೆಗೆಯುವುದನ್ನೂ ಹಾಗೇ ಬಿಡುವುದನ್ನೂ ಹೋಲಿಸಿ ಚೀಟಿ ಎತ್ತಿದಂತೆ ಆಯ್ದು ಮಾಡಿದ ಟ್ರಸ್ಟ್ ಎಂಬ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. ಅದರಲ್ಲಿ ಇದ್ದವರು 80 ಮಂದಿ. ಬದುಕಿದ ಮಗು ಹೆತ್ತವರು ಶಸ್ತ್ರಕ್ರಿಯೆ ಆದವರಲ್ಲಿ ನೂರಕ್ಕೆ 31, ಹಾಗೇ ಬಿಟ್ಟವರಲ್ಲಿ ನೂರಕ್ಕೆ 35. ಲಾಭ ಕಾಣಲಿಲ್ಲ. ‘ಗೋಡೆಗೆ ರಕ್ತ ಸಂಚಾರವಿಲ್ಲ, ಅದಕ್ಕೆ ಭ್ರೂಣ ಬೇರೂರದು’ ಎಂಬ ಹಳೆಯ ವಿವರಣೆಯೂ ಗಟ್ಟಿಯಾಗಿಲ್ಲ. ಗೋಡೆಯ ತುಣುಕನ್ನು ಪರೀಕ್ಷಿಸಿದಾಗ ಸ್ನಾಯುವೂ ರಕ್ತನಾಳವೂ ಕಂಡಿವೆ.

ನೀಲಿಗೌನು:
ಆ ಪ್ರಯೋಗವನ್ನು ನಾನೂ ಒಪ್ಪುತ್ತೇನೆ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಲು ಆಗದು. 80 ಮಂದಿಯನ್ನು ಸೇರಿಸಲು 2010ರಿಂದ 2018ರವರೆಗೆ ಬೇಕಾಯಿತು. ಸಣ್ಣ ಗೋಡೆ, ದೊಡ್ಡ ಗೋಡೆ ಎಲ್ಲ ಒಟ್ಟಿಗೆ ಸೇರಿದವು. ಕೊರಳಿನವರೆಗೆ ಇಳಿದ ಪೂರ್ತಿ ಗೋಡೆ, ಎದೆಬಡಿತ ಕಂಡ ಮೇಲೆ ಎರಡು ಮೂರು ಸಲ ಕಳೆದುಕೊಂಡ ಗರ್ಭ, ಬೇರೆ ಕಾರಣ ಹುಡುಕಿ ಸಿಗದಿದ್ದ ಸ್ಥಿತಿ: ಇಂಥವರಿಗೆ ಎಲ್ಲ ಹೇಳಿ, ಒಪ್ಪಿದರೆ ಮಾಡುವುದು ತಪ್ಪಲ್ಲ ಎಂಬುದು ನನ್ನ ನಿಲುವು. ಮೊದಲ ಗರ್ಭವೇ ಆಗದವರಿಗೆ, ಆಕಸ್ಮಿಕವಾಗಿ 1.1 ಸೆಂ.ಮೀ. ಇಳಿತ ಕಂಡಿತು ಎಂದು ಮೇಜಿನ ಮೇಲೆ ಮಲಗಿಸುವುದನ್ನು ನಾನು ಒಪ್ಪುವುದಿಲ್ಲ.

ಪುರಾವೆಮೊದಲು:
ಅಷ್ಟಾದರೆ ನಮ್ಮಿಬ್ಬರ ನಡುವೆ ದೂರ ಕಡಿಮೆಯೇ. ಯುರೋಪಿನ ಸಂತಾನ ವೈದ್ಯರ ಸಂಸ್ಥೆ ಇಎಸ್‌ಎಚ್‌ಆರ್‌ಇಯ ಮಾರ್ಗಸೂಚಿ ಇದನ್ನು ಪ್ರಯೋಗಗಳ ಚೌಕಟ್ಟಿನಲ್ಲಿ ಪರೀಕ್ಷಿಸಿ ಎನ್ನುತ್ತದೆ. ಅಮೆರಿಕದ್ದು ತಿಳಿಸಿ ಹೇಳಿ ಮಾಡಬಹುದು ಎನ್ನುತ್ತದೆ. ಎರಡೂ ಒಪ್ಪುವ ಒಂದು ಮಾತಿದೆ: ಬೈಕಾರ್ನುಯೇಟ್ ಗರ್ಭಕೋಶಕ್ಕೆ ಒಳಗಿನಿಂದ ಕತ್ತರಿ ಹಾಕುವಂತಿಲ್ಲ. ಅಲ್ಲಿ ನೆತ್ತಿಯೇ ಕೆಳಗಿಳಿದಿರುತ್ತದೆ, ಗೋಡೆ ಎಂದುಕೊಂಡು ಕತ್ತರಿಸುತ್ತಾ ಹೋದರೆ ಕತ್ತರಿ ನೇರ ಹೊಟ್ಟೆಯೊಳಗೆ ಇಣುಕುತ್ತದೆ. ಹೊರ ಅಂಚು ನೋಡಿ ಎಂದು ಮೊದಲ ಬರಹದಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹೆರಿಗೆಕೋಣೆ:
ಬಸುರು ನಿಂತ ಮೇಲೆ ಏನು ಮಾಡಬೇಕು ಎಂದು ನಾನು ಸೇರಿಸುತ್ತೇನೆ.

ಬೈಕಾರ್ನುಯೇಟ್, ಡೈಡೆಲ್ಫಿಸ್ ಇದ್ದವರಲ್ಲಿ ಮೊದಲ ತಿಂಗಳುಗಳ ಗರ್ಭಪಾತಕ್ಕಿಂತ ದಿನ ತುಂಬುವ ಮೊದಲೇ ಹೆರಿಗೆ, ಮಗು ಬುಡ ಕೆಳಗಾಗಿ ಕೂರುವುದು, ತೂಕ ಕಡಿಮೆ ಇರುವುದು ಹೆಚ್ಚು. ಕೋಣೆ ಕಿರಿದಾದ್ದರಿಂದ ಮಗು ತಿರುಗಲು ಜಾಗ ಸಾಲದು. ಆಕಾರ ಹೀಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ತಲೆ ಕೆಳಗಿದ್ದರೆ ಸಹಜ ಹೆರಿಗೆ ಆಗುತ್ತದೆ. ಬುಡ ಕೆಳಗಿದ್ದಾಗ ಹೊರಗಿನಿಂದ ಕೈಯಲ್ಲಿ ಮಗುವನ್ನು ತಿರುಗಿಸುವ ಪ್ರಯತ್ನವನ್ನು ಇಂಥ ಗರ್ಭಕೋಶದಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ.

ಡೈಡೆಲ್ಫಿಸ್ ಇದ್ದವರಿಗೆ ಒಂದು ಎಚ್ಚರ. ಒಂದು ಗರ್ಭಕೋಶದಲ್ಲಿ ಮಗು ಇದ್ದರೂ ಇನ್ನೊಂದರ ಒಳಪದರವೂ ಹಾರ್ಮೋನಿನಿಂದ ದಪ್ಪವಾಗುತ್ತದೆ, ಕೆಲವೊಮ್ಮೆ ಉದುರುತ್ತದೆ. ರಕ್ತ ಕಂಡ ಕೂಡಲೇ ಗರ್ಭ ಹೋಯಿತು ಎಂದುಕೊಳ್ಳದೆ ಸ್ಕ್ಯಾನ್ ಮಾಡಿಸಿ. ಇವರಲ್ಲಿ ಯೋನಿಯಲ್ಲೂ ಉದ್ದಕ್ಕೆ ಒಂದು ಗೋಡೆ ಇರಬಹುದು, ಅದು ಹೆರಿಗೆಯಲ್ಲಿ ಹರಿದು ರಕ್ತ ಹೋಗಬಹುದು. ಮೊದಲೇ ಬೆರಳಾಡಿಸಿ ನೋಡಿ ಬರೆದಿಟ್ಟಿರಬೇಕು. ಕೊರಳಿನ ಕ್ಯಾನ್ಸರ್ ಸುಳಿವು ಹುಡುಕುವ ಪ್ಯಾಪ್ ಪರೀಕ್ಷೆಗೆ ಎರಡೂ ಕೊರಳಿನಿಂದ ಮಾದರಿ ತೆಗೆಯಬೇಕು. ಕಾಪರ್‌ಟಿ ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ಬಸುರಾಗಬಹುದು.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಒಂದೇ ಕೊಂಬಿನ ಗರ್ಭಕೋಶದ ಪಕ್ಕದಲ್ಲಿರುವ ಕುರುಡು ಕೊಂಬು. ಬೆಳೆಯದೆ ಉಳಿದ ಆ ಸಣ್ಣ ಕೊಂಬಿನೊಳಗೆ ಒಳಪದರ ಇದ್ದರೆ, ಕೊರಳಿಗೆ ದಾರಿಯೇ ಇಲ್ಲದಿದ್ದರೂ ಅಲ್ಲಿ ಗರ್ಭ ನಿಲ್ಲಬಹುದು. ವೀರ್ಯಾಣು ಇನ್ನೊಂದು ಕಡೆಯ ನಾಳದಿಂದ ಹೊಟ್ಟೆಯೊಳಗೆ ಹಾದು ಆ ಕಡೆಗೆ ಬರುತ್ತದೆ. ಕೊಂಬಿನ ಸ್ನಾಯು ತೆಳು. ನಾಲ್ಕು ಐದನೇ ತಿಂಗಳ ಹೊತ್ತಿಗೆ ಸೀಳಿ ಹೊಟ್ಟೆಯೊಳಗೆ ರಕ್ತ ತುಂಬಿಬಿಡುತ್ತದೆ. ಅಂಥ ಕೊಂಬು ಇದೆ ಎಂದು ಗೊತ್ತಾದರೆ ಬಸುರಿಗೆ ಮೊದಲೇ ಲ್ಯಾಪರೋಸ್ಕೋಪಿಯಲ್ಲಿ ತೆಗೆಸುವುದು ಸರಿ. ಈಗಾಗಲೇ ಬಸುರಿದ್ದರೆ ಆರು ಏಳನೇ ವಾರದ ಸ್ಕ್ಯಾನಿನಲ್ಲಿ ನೋಡಬೇಕಾದ್ದು: ಗರ್ಭಚೀಲದಿಂದ ಕೊರಳಿನವರೆಗೆ ಸ್ನಾಯುವಿನ ದಾರಿ ಎಡೆಬಿಡದೆ ಇದೆಯೇ? ಇಲ್ಲದಿದ್ದರೆ, ಚೀಲ ಗರ್ಭಕೋಶದ ಪಕ್ಕದಲ್ಲಿ ಬೇರೆಯೇ ಉಂಡೆಯಂತೆ ಅಲುಗಾಡುತ್ತಿದ್ದರೆ, ಅದು ಅಪಾಯ.

ಸ್ಕ್ಯಾನ್‌ಕೋಣೆ:
ಇದಕ್ಕೆ ಸೇರಿಸಿ: ಒಂದೇ ಕೊಂಬು ಕಂಡರೆ ಮೂತ್ರಪಿಂಡವನ್ನೂ ನೋಡಿ. ಎರಡೂ ಅಂಗ ಒಂದೇ ಹೊತ್ತಿನಲ್ಲಿ ಅಕ್ಕಪಕ್ಕ ಬೆಳೆಯುವಂಥವು. ಒಂದೇ ಕೊಂಬಿನವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೂತ್ರಪಿಂಡದಲ್ಲಿ ವ್ಯತ್ಯಾಸ ಇರುತ್ತದೆ, ಹೆಚ್ಚಾಗಿ ಕೊಂಬು ಬೆಳೆಯದ ಕಡೆಯ ಮೂತ್ರಪಿಂಡವೇ ಇರುವುದಿಲ್ಲ. ಇರುವ ಒಂದನ್ನು ಕಾಪಾಡಿಕೊಳ್ಳಬೇಕಲ್ಲ; ಬಿಪಿ, ಮೂತ್ರದ ಪರೀಕ್ಷೆ ಬಸುರಿನ ಉದ್ದಕ್ಕೂ ತಪ್ಪಿಸಬಾರದು.

ಎಚ್ಚರದಓದುಗಿ:
ಗಡ್ಡೆಯ ವಿಚಾರ? ‘4 ಸೆಂ.ಮೀ. ಫೈಬ್ರಾಯ್ಡ್ ಇದೆ, ಮೊದಲು ತೆಗೆಸಿ ಆಮೇಲೆ ಮಗು’ ಎಂದು ಕೆಲವರು, ‘ಇರಲಿ ಬಿಡಿ’ ಎಂದು ಕೆಲವರು ಹೇಳುತ್ತಾರೆ.

ನೀಲಿಗೌನು:
4 ಸೆಂ.ಮೀ. ಎಂಬುದು ಅರ್ಧ ಮಾತು. ಎಲ್ಲಿದೆ ಎಂಬುದು ಇನ್ನರ್ಧ. ಫಿಗೋ ಎಂಬ ಅಂತಾರಾಷ್ಟ್ರೀಯ ಪ್ರಸೂತಿ ತಜ್ಞರ ಒಕ್ಕೂಟದ ಪಟ್ಟಿಯಲ್ಲಿ 0ರಿಂದ 8ರವರೆಗೆ ಸಂಖ್ಯೆ ಇದೆ. 0 ಎಂದರೆ ಕೋಣೆಯೊಳಗೆ ತೊಟ್ಟಿನಿಂದ ಜೋತುಬಿದ್ದದ್ದು. 1 ಎಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಕೋಣೆಗೆ ಚಾಚಿದ್ದು. 2 ಎಂದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಗೋಡೆಯಲ್ಲಿ ಹೂತಿದ್ದು. ಈ ಮೂರೂ ಗರ್ಭ ಕಚ್ಚಿಕೊಳ್ಳುವ ಜಾಗವನ್ನೇ ಕೆಡಿಸುತ್ತವೆ, 2 ಸೆಂ.ಮೀ. ಇದ್ದರೂ ತೆಗೆಸಲು ಅರ್ಥವಿದೆ. ಕೆಲಸ ಹಿಸ್ಟರೋಸ್ಕೋಪಿಯಲ್ಲೇ ಆಗುತ್ತದೆ. 5, 6, 7 ಹೊರಮೈಗೆ ಚಾಚಿದವು, 6 ಸೆಂ.ಮೀ. ಇದ್ದರೂ ಗರ್ಭ ನಿಲ್ಲುವುದಕ್ಕೆ ಅಡ್ಡಿಯಲ್ಲ. 3 ಮತ್ತು 4, ಅಂದರೆ ಗೋಡೆಯ ಒಳಗೇ ಇರುವವು, ವಾದದ ಜಾಗ. ಕೋಣೆಯ ಆಕಾರ ಕೆಟ್ಟಿಲ್ಲ ಎಂದಾದರೆ ಗಾತ್ರ, ವಯಸ್ಸು, ಹಿಂದಿನ ನಷ್ಟ ನೋಡಿ ತೀರ್ಮಾನಿಸಬೇಕು. ಏಕೆಂದರೆ ಗೋಡೆ ಕೊಯ್ದು ಗಡ್ಡೆ ತೆಗೆದರೆ ಗಾಯ ಗಟ್ಟಿಯಾಗಲು 3ರಿಂದ 6 ತಿಂಗಳು ಕಾಯಬೇಕು, ಆಳದ ಗಾಯವಾದರೆ ಇನ್ನೂ ಹೆಚ್ಚು. ಕೋಣೆಯವರೆಗೆ ಗಾಯ ಹೋಗಿದ್ದರೆ ಹೆರಿಗೆ ನೋವು ಶುರುವಾಗುವ ಮೊದಲೇ ಸಿಸೇರಿಯನ್ ಮಾಡಬೇಕಾಗುತ್ತದೆ. ಶಸ್ತ್ರಕ್ರಿಯೆಯ ಟಿಪ್ಪಣಿಯಲ್ಲಿ ‘ಕೋಣೆ ತೆರೆಯಿತೇ ಇಲ್ಲವೇ’ ಎಂಬ ಸಾಲನ್ನು ಬರೆಸಿಕೊಂಡು ಜೋಪಾನವಾಗಿಡಿ.

ಗಡ್ಡೆಯ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಮುಂದೆ ಮಗು ಬೇಕೆನ್ನುವವರಿಗೆ ಮೊದಲ ಆಯ್ಕೆ ಅಲ್ಲ.

ಹೆರಿಗೆಕೋಣೆ:
ಬಸುರಿನಲ್ಲಿ ಗಡ್ಡೆ ನೋಯುವುದನ್ನು ಬೇರೆಯಾಗಿ ಹೇಳಬೇಕು. ಗಡ್ಡೆ ಬೆಳೆದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬೆಳೆಯುತ್ತದೆ. ರಕ್ತ ಸರಬರಾಜು ಸಾಲದೆ ಒಳಗೆ ಕೊಳೆಯತೊಡಗಿದರೆ ಅದು ರೆಡ್ ಡಿಜನರೇಷನ್. ಹೆಚ್ಚಾಗಿ ನಾಲ್ಕು ಐದನೇ ತಿಂಗಳಲ್ಲಿ ಬರುತ್ತದೆ. ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವು, ಸಣ್ಣ ಜ್ವರ, ರಕ್ತಪರೀಕ್ಷೆಯಲ್ಲಿ ಬಿಳಿಕಣ ಏರಿಕೆ. ಅಪೆಂಡಿಸೈಟಿಸ್ ಎಂದು ತಪ್ಪಾಗಿ ತಿಳಿಯುವುದೂ ಉಂಟು. ಸ್ಕ್ಯಾನ್ ತುದಿಯನ್ನು ಗಡ್ಡೆಯ ಮೇಲೇ ಒತ್ತಿದಾಗ ನೋವು ಹೆಚ್ಚಿದರೆ ಸುಳಿವು ಸಿಕ್ಕಂತೆ. ವಿಶ್ರಾಂತಿ, ದ್ರವ, ಪ್ಯಾರಸಿಟಮಾಲ್‌ನಲ್ಲೇ ಬಹುಪಾಲು ಕೆಲವು ದಿನಗಳಲ್ಲಿ ಇಳಿಯುತ್ತದೆ, ಬಸುರು ಮುಂದುವರಿಯುತ್ತದೆ. ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್ ಜಾತಿಯ ಮಾತ್ರೆ ತಾವೇ ತಂದು ನುಂಗಬೇಡಿ. 20 ವಾರ ದಾಟಿದ ಮೇಲೆ ಅದು ಮಗುವಿನ ಮೂತ್ರಪಿಂಡಕ್ಕೆ ತಾಗಿ ಗರ್ಭದ ನೀರು ಕಡಿಮೆಯಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ.

ಪುರಾವೆಮೊದಲು:
ಅಂಟುಗಳ ಬಗ್ಗೆ ಯಾರೂ ಬರೆದಿಲ್ಲ. ಇದು ಹುಟ್ಟಿನಿಂದ ಬಂದದ್ದಲ್ಲ, ಬಹುಪಾಲು ನಾವೇ ಮಾಡಿದ ಗಾಯ. ಗರ್ಭಪಾತದ ನಂತರ, ಹೆರಿಗೆಯ ನಂತರ ಉಳಿದ ಮಾಸನ್ನು ಚೂಪು ಕ್ಯುರೆಟ್ ಎಂಬ ಉಪಕರಣದಿಂದ ಕೆರೆದಾಗ ಒಳಪದರದ ತಳಭಾಗ ಕಿತ್ತುಹೋಗುತ್ತದೆ. ಎದುರುಬದುರಿನ ಹಸಿಗಾಯ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಜನನಾಂಗದ ಕ್ಷಯವೂ ಹೀಗೆ ಮಾಡುತ್ತದೆ, ಅದರ ಅಂಟು ಇನ್ನೂ ಮೊಂಡು. ಆಶರ್‌ಮನ್ 1948ರಲ್ಲಿ ವಿವರಿಸಿದ್ದು ಇದನ್ನೇ.

ಸುಳಿವು ಇದು: ಡಿ ಆ್ಯಂಡ್ ಸಿ (ಕೊರಳು ಹಿಗ್ಗಿಸಿ ಒಳಗೆ ಕೆರೆಯುವುದು) ಆದ ಮೇಲೆ ಐದು ದಿನ ಹೋಗುತ್ತಿದ್ದ ಮುಟ್ಟು ಒಂದೂವರೆ ದಿನಕ್ಕೆ ಇಳಿಯುವುದು, ಅಥವಾ ತಿಂಗಳಿಗೊಮ್ಮೆ ಹೊಟ್ಟೆ ಹಿಂಡಿದರೂ ರಕ್ತ ಬಾರದಿರುವುದು. ‘ದಿನ ಕಳೆದರೆ ಸರಿಹೋಗುತ್ತದೆ’ ಎಂದು ವರ್ಷ ಕಳೆಯಬೇಡಿ. ಹಿಸ್ಟರೋಸ್ಕೋಪಿಯಲ್ಲಿ ಕತ್ತರಿಯಿಂದ ಬಿಡಿಸುತ್ತಾರೆ. ಸುಡುವ ಉಪಕರಣ ಬಳಸಿದರೆ ಉಳಿದ ಪದರಕ್ಕೂ ಪೆಟ್ಟು. ಮತ್ತೆ ಅಂಟದಂತೆ ಹಯಲುರಾನಿಕ್ ಆ್ಯಸಿಡ್ ಜೆಲ್ ಅಥವಾ ಪುಟ್ಟ ಬಲೂನ್, ಜೊತೆಗೆ ಕೆಲವು ವಾರ ಈಸ್ಟ್ರೋಜನ್. ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತದೆ. ತಡೆಯುವುದೇ ಸುಲಭ: ಗರ್ಭ ನಿಂತುಹೋದಾಗ ಮಿಸೋಪ್ರೊಸ್ಟಾಲ್ ಮಾತ್ರೆಯಿಂದಲೋ, ಕೈಪಂಪಿನ ನಿರ್ವಾತ ಹೀರುವಿಕೆಯಿಂದಲೋ ಆಗುವ ಕೆಲಸಕ್ಕೆ ಚೂಪು ಕ್ಯುರೆಟ್ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಹೆರಿಗೆಕೋಣೆ:
ಅಂಟು ಬಿಡಿಸಿಕೊಂಡವರು ಬಸುರಾದಾಗ ಮಾಸು ಗೋಡೆಗೆ ಆಳವಾಗಿ ಬೇರೂರಿದೆಯೇ ಎಂದು 20ನೇ ವಾರದ ಸ್ಕ್ಯಾನಿನಲ್ಲಿ ನೋಡಿಸಿ. ಹಿಂದೆ ಸಿಸೇರಿಯನ್ ಆದವರಿಗೂ ಇದೇ ಮಾತು. ಮಾಸು ಕೆಳಗೆ ಕೊರಳ ಮೇಲೆ ಕೂತಿದ್ದರೆ, ಬೇರೂರುವ ಸಾಧ್ಯತೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ ನೂರಕ್ಕೆ 11, ಎರಡಾಗಿದ್ದರೆ 40, ಮೂರಾಗಿದ್ದರೆ 61. ಅಂಥ ಹೆರಿಗೆ ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಎಚ್ಚರದಓದುಗಿ:
ಕೊರಳು ಸಡಿಲ ಎನ್ನುತ್ತಾರಲ್ಲ, ಅದನ್ನು ಹೇಗೆ ಅಳೆಯುತ್ತಾರೆ? ಒಂದು ಕಡೆ 31 ಮಿ.ಮೀ., ವಾರದಲ್ಲೇ ಇನ್ನೊಂದು ಕಡೆ 24 ಬಂದರೆ ಯಾವುದನ್ನು ನಂಬುವುದು?

ಸ್ಕ್ಯಾನ್‌ಕೋಣೆ:
ಹೇಗೆ ಅಳೆದರು ಎಂಬುದನ್ನು ನೋಡಿ ನಂಬಬೇಕು. ಮೊದಲು ಮೂತ್ರ ಪೂರ್ತಿ ಹೋಗಿ ಬರಬೇಕು. ತುಂಬಿದ ಮೂತ್ರಕೋಶ ಕೊರಳನ್ನು ಒತ್ತಿ ಉದ್ದ ತೋರಿಸುತ್ತದೆ, ತೆರೆದಿದ್ದ ಒಳಬಾಯನ್ನು ಮುಚ್ಚಿದಂತೆ ಕಾಣಿಸುತ್ತದೆ. ಹೊಟ್ಟೆಯ ಮೇಲಿನ ಸ್ಕ್ಯಾನಿನ ಅಳತೆಯನ್ನು ಈ ಕೆಲಸಕ್ಕೆ ನೆಚ್ಚಬಾರದು. ಸ್ಕ್ಯಾನ್ ತುದಿಯನ್ನು ಯೋನಿಯ ಮುಂದಿನ ಮಡಿಕೆಯಲ್ಲಿಟ್ಟು, ಕೊರಳು ಕಂಡ ಮೇಲೆ ಚಿತ್ರ ಮಸುಕಾಗುವವರೆಗೆ ಹಿಂದಕ್ಕೆ ಎಳೆದು, ಮತ್ತೆ ಸ್ಪಷ್ಟವಾಗುವಷ್ಟೇ ಮುಂದಕ್ಕೆ ತಾಗಿಸಬೇಕು. ಒತ್ತಿದರೆ ಕೊರಳು ಸುಳ್ಳೇ ಉದ್ದವಾಗುತ್ತದೆ. ಕೊರಳಿನ ಮುಂಭಾಗ, ಹಿಂಭಾಗ ಎರಡೂ ಒಂದೇ ದಪ್ಪ ಕಂಡರೆ ಒತ್ತಡ ಸರಿಯಾಗಿದೆ ಎಂದರ್ಥ. ಪರದೆಯ ಮುಕ್ಕಾಲು ಭಾಗ ಕೊರಳೇ ಇರುವಂತೆ ಹಿಗ್ಗಿಸಿ, ಒಳಬಾಯಿಯಿಂದ ಹೊರಬಾಯಿಗೆ ಅಳೆಯಬೇಕು. 3ರಿಂದ 5 ನಿಮಿಷ ಕಾಯಬೇಕು, ಏಕೆಂದರೆ ಒಳಬಾಯಿ ಆಗಾಗ ಆಲಿಕೆಯಂತೆ ತೆರೆದು ಮುಚ್ಚುತ್ತದೆ. ಮೂರು ಸಲ ಅಳೆದು ಅದರಲ್ಲಿ ಅತಿ ಚಿಕ್ಕದನ್ನು ಬರೆಯಬೇಕು, ಸರಾಸರಿಯನ್ನಲ್ಲ. ನೀವು ಹೇಳಿದ ಎರಡರಲ್ಲಿ 31 ತುಂಬಿದ ಮೂತ್ರಕೋಶದಲ್ಲಿ ಬಂದಿದ್ದರೆ ನಾನು 24ನ್ನು ನಂಬುತ್ತೇನೆ.

ಹೆರಿಗೆಕೋಣೆ:
24 ವಾರಕ್ಕೆ ಮೊದಲು 25 ಮಿ.ಮೀ.ಗಿಂತ ಕಡಿಮೆ ಎಂದರೆ ಗಿಡ್ಡ ಕೊರಳು. ಮುಂದಿನ ದಾರಿ ಹಿಂದಿನ ಬಸುರಿನ ಮೇಲೆ ನಿಂತಿದೆ. ಹಿಂದೆ ಯಾವ ತೊಂದರೆಯೂ ಆಗಿರದೆ, ಒಂದೇ ಮಗು ಇದ್ದು, ಈಗ ಮೊದಲ ಬಾರಿಗೆ ಗಿಡ್ಡ ಕಂಡಿದ್ದರೆ ರಾತ್ರಿ ಮಲಗುವಾಗ 200 ಮಿ.ಗ್ರಾಂ. ಪ್ರೊಜೆಸ್ಟರಾನ್ ಯೋನಿಯಲ್ಲಿ ಇಡುವುದು, ಸುಮಾರು 36 ವಾರದವರೆಗೆ. ಹಿಂದೆ ದಿನ ತುಂಬದೆ ಹೆರಿಗೆ ಆಗಿದ್ದು ಈಗ ಕೊರಳು ಗಿಡ್ಡವಾದರೆ ಕೊರಳಿಗೆ ಹೊಲಿಗೆ ಹಾಕುವ ಮಾತು ಬರುತ್ತದೆ. ಮಧ್ಯದ ತಿಂಗಳುಗಳಲ್ಲಿ ನೋವಿಲ್ಲದೆ ಮಗು ಜಾರಿದ್ದು ಮತ್ತೆ ಮತ್ತೆ ಆಗಿದ್ದರೆ ಕಾಯದೆ 12ರಿಂದ 14ನೇ ವಾರದಲ್ಲೇ ಹಾಕುತ್ತಾರೆ, ಮಗುವಿನ ಮೊದಲ ಸ್ಕ್ಯಾನ್ ಸರಿಯಿದೆ ಎಂದು ನೋಡಿಕೊಂಡ ಮೇಲೆ.

ಹೊಲಿಗೆಗೆ ಎರಡು ಹಳೆಯ ಹೆಸರು. ಮುಂಬೈಯ ವಿ. ಎನ್. ಶಿರೋಡ್ಕರ್ 1955ರಲ್ಲಿ ಪ್ರಕಟಿಸಿದ್ದು ಒಂದು, ಮ್ಯಾಕ್‌ಡೊನಾಲ್ಡ್ 1957ರಲ್ಲಿ ಪ್ರಕಟಿಸಿದ್ದು ಇನ್ನೊಂದು. ಮ್ಯಾಕ್‌ಡೊನಾಲ್ಡ್ ಹೊಲಿಗೆ ಚೀಲದ ಬಾಯಿಗೆ ದಾರ ಕಟ್ಟಿದ ಹಾಗೆ. ಕರಗದ ದಪ್ಪ ದಾರವನ್ನು ಕೊರಳಿನ ಸುತ್ತ ನಾಲ್ಕೈದು ಕಡೆ ಚುಚ್ಚಿ, ಆದಷ್ಟು ಮೇಲಕ್ಕೆ, ಬಿಗಿದು ಗಂಟು ಹಾಕುತ್ತಾರೆ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ರಕ್ತನಾಳ ಹಾದುಹೋಗುವುದರಿಂದ ಅಲ್ಲಿ ಸೂಜಿ ಹಾಕುವುದಿಲ್ಲ. ಶಿರೋಡ್ಕರ್ ವಿಧಾನದಲ್ಲಿ ಮೂತ್ರಕೋಶವನ್ನು ಮೇಲಕ್ಕೆ ಸರಿಸಿ ಒಳಬಾಯಿಗೆ ಇನ್ನೂ ಹತ್ತಿರ ಹಾಕುತ್ತಾರೆ. ರಕ್ತಸ್ರಾವ, ನೋವು, ಸೋಂಕು, ನೀರು ಒಡೆದದ್ದು ಇದ್ದರೆ ಹೊಲಿಗೆ ಹಾಕಬಾರದು. 36-37ನೇ ವಾರದಲ್ಲಿ ಬಿಚ್ಚುತ್ತಾರೆ. ಅದಕ್ಕೆ ಮೊದಲೇ ಹೆರಿಗೆ ನೋವು ಬಂದರೆ ಆ ಹೊತ್ತಿಗೇ ಬಿಚ್ಚಬೇಕು, ಇಲ್ಲದಿದ್ದರೆ ಕೊರಳು ಹರಿಯುತ್ತದೆ. ಆದ್ದರಿಂದ ಯಾವ ಆಸ್ಪತ್ರೆಗೆ ಓಡಿದರೂ ‘ಹೊಲಿಗೆ ಇದೆ’ ಎಂಬುದೇ ಬಾಯಿಂದ ಬರುವ ಮೊದಲ ಮಾತಾಗಿರಲಿ.

ಮತ್ತೆ, ದಯವಿಟ್ಟು ಇದನ್ನು ಮನೆಯವರಿಗೂ ಓದಿಸಿ: ಗಿಡ್ಡ ಕೊರಳಿಗೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದು ಮದ್ದಲ್ಲ. ಅದರಿಂದ ಹೆರಿಗೆ ಮುಂದೆ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಸ್ನಾಯು ಕರಗುವುದು, ಮನಸ್ಸು ಕುಗ್ಗುವುದು ಮಾತ್ರ ನಿಜ. ‘ಎದ್ದು ಓಡಾಡಿದೆ, ಅದಕ್ಕೇ ಹೋಯಿತು’ ಎಂದು ಯಾವ ಹೆಣ್ಣಿನ ಮೇಲೂ ತಪ್ಪು ಹೊರಿಸಬೇಡಿ.

ಎಚ್ಚರದಓದುಗಿ:
ಕೊನೆಯದಾಗಿ ಒಂದು. ‘ರೆಟ್ರೋವರ್ಟೆಡ್’, ಗರ್ಭಕೋಶ ಹಿಂದಕ್ಕೆ ಬಾಗಿದೆ ಎಂಬ ವರದಿ. ಮಗು ಜಾರಲು ಇದು ಕಾರಣವೇ?

ಹೆರಿಗೆಕೋಣೆ:
ಅಲ್ಲ. ಐವರಲ್ಲಿ ಒಬ್ಬರಿಗೆ ಹಾಗೇ ಇರುತ್ತದೆ. ಬಸುರಿನ 12ರಿಂದ 14ನೇ ವಾರದ ಹೊತ್ತಿಗೆ ಗರ್ಭಕೋಶ ಬೆಳೆದು ತಾನೇ ಮೇಲೆದ್ದು ಮುಂದಕ್ಕೆ ಬರುತ್ತದೆ.

ಅಪರೂಪಕ್ಕೆ ಮೇಲೇಳದೆ ಬೆನ್ನುಮೂಳೆಯ ಕೆಳಗಿನ ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಅಂಟು, ಎಂಡೊಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು), ಹಿಂಗೋಡೆಯ ಗಡ್ಡೆ ಇದ್ದವರಲ್ಲಿ ಹೆಚ್ಚು. ಆಗ ಕೊರಳು ಮುಂದಕ್ಕೆ ಮೇಲಕ್ಕೆ ತಳ್ಳಲ್ಪಟ್ಟು ಮೂತ್ರನಾಳವನ್ನು ಒತ್ತುತ್ತದೆ. 14ರಿಂದ 16ನೇ ವಾರದ ಸುಮಾರಿಗೆ ಮೂತ್ರ ಕಟ್ಟಿಕೊಳ್ಳುವುದು, ಹನಿಹನಿ ಮಾತ್ರ ಬರುವುದು, ಕೆಳಬೆನ್ನು ಸೆಳೆಯುವುದು ಇದ್ದರೆ ಅದೇ ದಿನ ತೋರಿಸಿ. ಮೂತ್ರದ ಸೋಂಕು ಎಂದು ಬರೀ ಮಾತ್ರೆ ಕೊಟ್ಟು ಕಳಿಸಿದರೆ ‘ಮೂತ್ರ ಹೋದ ಮೇಲೆ ಎಷ್ಟು ಉಳಿಯುತ್ತಿದೆ, ಸ್ಕ್ಯಾನಿನಲ್ಲಿ ನೋಡಿ’ ಎಂದು ಕೇಳಿ.

ಸ್ಕ್ಯಾನ್‌ಕೋಣೆ:
ಸ್ಕ್ಯಾನಿನಲ್ಲಿ ಕಾಣುವುದು ಹೀಗೆ: ದೊಡ್ಡ ಮೂತ್ರಕೋಶ ಮುಂದೆ ಮೇಲೆ, ಮಗು ಹಿಂದೆ ಕೆಳಗೆ, ಎಳೆದ ಹಗ್ಗದಂತೆ ಉದ್ದವಾದ ಕೊರಳು. ಅನುಭವ ಕಡಿಮೆ ಇದ್ದವರು ಇದನ್ನು ಗರ್ಭಕೋಶದ ಹೊರಗಿನ ಬಸುರು ಎಂದು ತಪ್ಪು ಓದಬಹುದು.

ಹೆರಿಗೆಕೋಣೆ:
ಹೌದು. ಮೊದಲು ಕ್ಯಾತಿಟರ್ ಹಾಕಿ ಮೂತ್ರಕೋಶ ಖಾಲಿ ಮಾಡಬೇಕು. ಕೆಲವರಲ್ಲಿ ಅಷ್ಟಕ್ಕೇ ಗರ್ಭಕೋಶ ಮೇಲೇಳುತ್ತದೆ. ಏಳದಿದ್ದರೆ ಮೊಣಕಾಲು, ಎದೆ ಹಾಸಿಗೆಗೆ ತಾಗುವಂತೆ ಮಂಡಿಯೂರಿ ಬುಡ ಮೇಲೆತ್ತಿ ಸ್ವಲ್ಪ ಹೊತ್ತು ಇರಬೇಕು, ದಿನಕ್ಕೆ ಕೆಲವು ಸಲ. ಅದಕ್ಕೂ ಬಗ್ಗದಿದ್ದರೆ ವೈದ್ಯರು ಅರಿವಳಿಕೆ ಕೊಟ್ಟು ಯೋನಿಯ ಹಿಂಮಡಿಕೆಯಿಂದ ಬೆರಳಲ್ಲಿ ಮೆಲ್ಲಗೆ ಮೇಲಕ್ಕೆ ತಳ್ಳುತ್ತಾರೆ. ವಾರ ಹೆಚ್ಚಿದಷ್ಟೂ ಇದು ಕಷ್ಟ. ಮೇಲೆದ್ದ ಮೇಲೂ ಮೂತ್ರ ಸಲೀಸಾಗಿ ಹೋಗುತ್ತಿದೆ ಎಂದು ಖಚಿತವಾಗುವವರೆಗೆ ಕ್ಯಾತಿಟರ್ ತೆಗೆಯುವ ಅವಸರ ಮಾಡಬಾರದು.